ಹಳೇ ಬಾಕಿ ಬೇರೆ, ವರ್ಷ ವರ್ಷದ ರಾಯಲ್ಟಿ ಬೇರೆ

2019ರ ಏಪ್ರಿಲ್ 16. ಅಮೆರಿಕದ ಸ್ಯಾನ್ ಡಿಯಾಗೊ ಕೋರ್ಟಿನಲ್ಲಿ ಆ್ಯಪಲ್ ಮತ್ತು ಫೋನ್ ಚಿಪ್ ಮಾಡುವ ಕ್ವಾಲ್ಕಾಮ್ ಕಂಪನಿಯ ವಕೀಲರು ಪೇಟೆಂಟ್ ರಾಯಲ್ಟಿ (ಇನ್ನೊಬ್ಬರ ತಂತ್ರಜ್ಞಾನ ಬಳಸಿದ್ದಕ್ಕೆ ಕಟ್ಟುವ ಶುಲ್ಕ) ಜಗಳದಲ್ಲಿ ಆಗಷ್ಟೇ ವಾದ ಶುರು ಮಾಡಿದ್ದರು. ಅಷ್ಟರಲ್ಲೇ ಎರಡೂ ಕಂಪನಿ ರಾಜಿಯಾದ ಸುದ್ದಿ ಬಂತು. ಕ್ವಾಲ್ಕಾಮ್ ಷೇರು ಅವತ್ತೇ ಶೇ 23ರಷ್ಟು ಏರಿ 70.45 ಡಾಲರ್‌ನಲ್ಲಿ ನಿಂತಿತು. ಮರುದಿನ ಮತ್ತೆ ಶೇ 12ರಷ್ಟು ಏರಿತು.

ವೈರ್‌ಲೆಸ್ ಕಂಪನಿಗಳ ಲೆಕ್ಕಪತ್ರ ಓದುವುದು ನನ್ನ ಕೆಲಸ. ಬೆಂಗಳೂರಿನಲ್ಲಿ ಇಂಥ ಕಂಪನಿಗಳ ಷೇರನ್ನು ಸಂಬಳದ ಭಾಗವಾಗಿ ಪಡೆದವರು ಬಹಳ ಮಂದಿ ಇದ್ದಾರೆ. ಪೇಟೆಂಟ್ ಒಪ್ಪಂದದ ಸುದ್ದಿ ಬಂದಾಗಲೆಲ್ಲ ಅವರು ಕೇಳುವುದು ಒಂದೇ: ಇಟ್ಟುಕೊಳ್ಳಲಾ, ಮಾರಲಾ? ನಾನು ಮೊದಲು ನೋಡುವುದು, ಬರುತ್ತಿರುವ ದುಡ್ಡು ಯಾವುದರದ್ದು ಅನ್ನುವುದನ್ನು.

ಇಷ್ಟೊಂದು ಜಿಗಿತ ಯಾಕೆ ಅನ್ನುವುದಕ್ಕೆ ಒಂದು ಸಣ್ಣ ಲೆಕ್ಕ ನೋಡಿ. 3ಜಿ, 4ಜಿ, 5ಜಿ ಮಾನದಂಡಗಳಿಗೆ (ಎಲ್ಲ ಫೋನ್‌ಗಳೂ ಪಾಲಿಸುವ ತಾಂತ್ರಿಕ ನಿಯಮಗಳಿಗೆ) ಅತ್ಯಗತ್ಯವಾದ ತನ್ನ ಪೇಟೆಂಟ್‌ಗಳಿಗೆ, ಈ ಮೂರೂ ಇರುವ ಫೋನಿನಲ್ಲಿ, ಕ್ವಾಲ್ಕಾಮ್ ಪ್ರಕಟಿಸಿದ ದರ ಫೋನ್ ಬೆಲೆಯ ಶೇ 3.25. ಫೋನ್ ಎಷ್ಟೇ ದುಬಾರಿಯಾಗಿರಲಿ, ಲೆಕ್ಕಕ್ಕೆ ಹಿಡಿಯುವುದು 400 ಡಾಲರ್ ಮಾತ್ರ. ಅಂದರೆ ಒಂದು ಫೋನಿಗೆ ಹೆಚ್ಚೆಂದರೆ 13 ಡಾಲರ್. ನಿಜವಾದ ಒಪ್ಪಂದಗಳ ದರವನ್ನು ಯಾರೂ ಬಹಿರಂಗ ಮಾಡುವುದಿಲ್ಲ, ಅದು ಬೇರೆ ಮಾತು. ಆದರೆ ಈ 13 ಡಾಲರ್ ಗಳಿಸಲು ಕಾರ್ಖಾನೆ ಬೇಡ, ಕಚ್ಚಾಮಾಲು ಬೇಡ. ಸಂಶೋಧನೆಯ ಖರ್ಚು ಎಂದೋ ಆಗಿಹೋಗಿದೆ. ಹಾಗಾಗಿ ಬಂದ ರಾಯಲ್ಟಿಯ ಬಹುಪಾಲು ನೇರವಾಗಿ ಲಾಭಕ್ಕೆ ಸೇರುತ್ತದೆ. ಚಿಪ್ ಮಾರಿ ಬರುವ ಒಂದು ಡಾಲರ್‌ಗೂ ಲೈಸೆನ್ಸ್‌ನಿಂದ ಬರುವ ಒಂದು ಡಾಲರ್‌ಗೂ ಮಾರುಕಟ್ಟೆ ಬೇರೆ ಬೇರೆ ಬೆಲೆ ಕಟ್ಟುವುದು ಇದಕ್ಕೇ.

ಜಗಳ ಶುರುವಾಗಿದ್ದು 2017ರಲ್ಲಿ. ಐಫೋನ್‌ಗೆ ರಾಯಲ್ಟಿ ಕಟ್ಟುತ್ತಿದ್ದುದು ಆ್ಯಪಲ್ ಅಲ್ಲ, ಅದಕ್ಕೆ ಫೋನ್ ಮಾಡಿಕೊಡುವ ಫಾಕ್ಸ್‌ಕಾನ್, ಪೆಗಾಟ್ರಾನ್, ವಿಸ್ಟ್ರಾನ್, ಕಾಂಪಾಲ್ ಕಂಪನಿಗಳು. ಅವರು ಕಟ್ಟುವುದನ್ನು ನಿಲ್ಲಿಸಿದರು. ನಮ್ಮ ಪೀಣ್ಯದಲ್ಲಿ, ಆಮೇಲೆ ಕೋಲಾರದ ನರಸಾಪುರದಲ್ಲಿ ಐಫೋನ್ ಜೋಡಿಸಿದ್ದು ಇದೇ ವಿಸ್ಟ್ರಾನ್. ನರಸಾಪುರದ ಘಟಕ ಈಗ ಟಾಟಾ ಕೈಯಲ್ಲಿದೆ.

ರಾಜಿಯಾದ ಎರಡು ವಾರಕ್ಕೆ ಕ್ವಾಲ್ಕಾಮ್ ಅಂಕಿ ಕೊಟ್ಟಿತು. ಒಪ್ಪಂದದಿಂದ ಆ ತ್ರೈಮಾಸಿಕದಲ್ಲಿ 450ರಿಂದ 470 ಕೋಟಿ ಡಾಲರ್ ಆದಾಯ ಸೇರುತ್ತದೆ ಎಂದಿತು. ಆಗ ಅದರ ಲೈಸೆನ್ಸ್ ವಿಭಾಗದ ಮಾಮೂಲಿ ತ್ರೈಮಾಸಿಕ ಆದಾಯ 100 ಕೋಟಿ ಡಾಲರ್‌ಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ನೋಡಿದರೆ ಕಣ್ಣು ಕುಕ್ಕುವ ಮೊತ್ತ. ಆದರೆ ವಿವರಣೆ ಓದಬೇಕು. ಅದರಲ್ಲಿ ಆ್ಯಪಲ್ ಕೊಟ್ಟ ದುಡ್ಡಿನ ಜೊತೆಗೆ, ಕ್ವಾಲ್ಕಾಮ್ ಆ್ಯಪಲ್‌ಗೆ ಕೊಡಬೇಕೆಂದು ಪುಸ್ತಕದಲ್ಲಿ ಬರೆದಿಟ್ಟಿದ್ದ ಹೊಣೆ ರದ್ದಾದದ್ದೂ ಸೇರಿತ್ತು. ಅಂದರೆ ಒಂದಷ್ಟು ಭಾಗ ಹೊಸದಾಗಿ ಕೈಗೆ ಬಂದ ನಗದೇ ಅಲ್ಲ. ಮೇಲಾಗಿ ಅದು ಒಂದು ಸಲದ್ದು. ಎರಡು ವರ್ಷದ ಬಾಡಿಗೆ ಬಾಕಿ ಒಟ್ಟಿಗೆ ಬಂದರೆ ಆ ತಿಂಗಳ ಬಾಡಿಗೆಯೇ ಅಷ್ಟು ಅಂತ ಯಾರೂ ಮನೆಗೆ ಬೆಲೆ ಕಟ್ಟುವುದಿಲ್ಲ, ಅಲ್ವಾ?

ನನ್ನ ಮಟ್ಟಿಗೆ ಮುಖ್ಯವಾದದ್ದು ರಾಜಿಯ ದಿನವೇ ಬಂದ ಇನ್ನೊಂದು ಸಂಖ್ಯೆ. ಆ್ಯಪಲ್‌ಗೆ ಚಿಪ್ ಪೂರೈಕೆ ಹೆಚ್ಚಿದಂತೆ ಪ್ರತಿ ಷೇರಿನ ಗಳಿಕೆಗೆ ಸುಮಾರು 2 ಡಾಲರ್ ಸೇರುತ್ತದೆ ಎಂದು ಕಂಪನಿ ಹೇಳಿತ್ತು. ಅದು ಮರಳಿ ಮರಳಿ ಬರುವ ದುಡ್ಡು. ಲೈಸೆನ್ಸ್ ಅವಧಿ ಆರು ವರ್ಷ, ಬೇಕಾದರೆ ಇನ್ನೆರಡು. ಷೇರು ಏರಿದ್ದರಲ್ಲಿ ಅರ್ಥವಿದ್ದದ್ದು ಇದಕ್ಕೆ.

ಹಾಗಂತ ಲೈಸೆನ್ಸ್ ದುಡ್ಡು ಗಟ್ಟಿ ಅಂತಲೂ ಅಲ್ಲ. ಐದೇ ವಾರದಲ್ಲಿ ಇನ್ನೊಂದು ಮೊಕದ್ದಮೆಯಲ್ಲಿ ನ್ಯಾಯಾಧೀಶೆ ಲೂಸಿ ಕೋ ಅವರು ಕ್ವಾಲ್ಕಾಮ್‌ನ ಲೈಸೆನ್ಸ್ ಪದ್ಧತಿ ಸ್ಪರ್ಧಾ ಕಾನೂನಿಗೆ ವಿರುದ್ಧ ಎಂದು ತೀರ್ಪಿತ್ತರು. ಷೇರು ಒಂದೇ ದಿನ ಶೇ 11ರಷ್ಟು ಬಿದ್ದು ಮತ್ತೆ 70 ಡಾಲರ್ ಆಸುಪಾಸಿಗೆ ಬಂತು. 2020ರ ಆಗಸ್ಟ್‌ನಲ್ಲಿ ಮೇಲ್ಮನವಿ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿತು. ನಡುವಿನ ಹದಿನೈದು ತಿಂಗಳು ಹೆದರಿ ಮಾರಿದವರನ್ನು ನಾನು ದೂರುವುದಿಲ್ಲ. ಆದಾಯವೆಲ್ಲ ಕೋರ್ಟಿನ ಒಂದು ಆದೇಶದ ಮೇಲೆ ನಿಂತಿರುವಾಗ ಭಯ ಸಹಜ.

ವೈರ್‌ಲೆಸ್ ಪೇಟೆಂಟ್‌ಗಳಿಗೆ ರಾಯಲ್ಟಿ ಪಡೆಯುವ ಇಂಟರ್‌ಡಿಜಿಟಲ್ ಕಂಪನಿ ಮತ್ತು ಸ್ಯಾಮ್‌ಸಂಗ್ ಪ್ರಕರಣವನ್ನೂ ಇದೇ ಕಣ್ಣಿನಿಂದ ನೋಡಬಹುದು. 2025ರ ಜುಲೈಯಲ್ಲಿ ಮಧ್ಯಸ್ಥಗಾರರು ಸ್ಯಾಮ್‌ಸಂಗ್ ಇಂಟರ್‌ಡಿಜಿಟಲ್‌ಗೆ ಪೇಟೆಂಟ್ ರಾಯಲ್ಟಿಯಾಗಿ 105 ಕೋಟಿ ಡಾಲರ್ ಕೊಡಬೇಕು ಎಂದರು. ಸುದ್ದಿಯ ತಲೆಬರಹದಲ್ಲಿ ಓಡಿದ್ದು ಆ ಮೊತ್ತವೇ. ಆದರೆ ಅದು 2023ರಿಂದ 2030ರವರೆಗಿನ ಎಂಟು ವರ್ಷದ್ದು. ಭಾಗಿಸಿದರೆ ವರ್ಷಕ್ಕೆ 13.1 ಕೋಟಿ ಚಿಲ್ಲರೆ. ತೀರ್ಪು ಬರುವಷ್ಟರಲ್ಲಿ ಎರಡೂವರೆ ವರ್ಷ ಆಗಲೇ ಕಳೆದಿತ್ತು. ಮುಂದಿನ ಗಳಿಕೆಗೆ ಲೆಕ್ಕ ಹಾಕುವಾಗ ಹಿಡಿಯಬೇಕಾದ್ದು 13.1 ಕೋಟಿಯನ್ನು, 105 ಕೋಟಿಯನ್ನಲ್ಲ.

ಇನ್ನು ಅವಧಿ. ಆ್ಯಪಲ್ ತನ್ನದೇ ಮೋಡೆಮ್ (ಫೋನನ್ನು ಮೊಬೈಲ್ ಜಾಲಕ್ಕೆ ಜೋಡಿಸುವ ಚಿಪ್) ಮಾಡಿ 2025ರ ಫೆಬ್ರುವರಿಯಲ್ಲಿ ಐಫೋನ್ 16ಇ ಒಳಗೆ ಹಾಕಿತು. ಕ್ವಾಲ್ಕಾಮ್ ಕಥೆ ಮುಗಿಯಿತು ಎಂದು ತುಂಬ ಜನ ಆಗ ಹೇಳಿದರು. ಚಿಪ್ ಮಾರಾಟದ ಮಟ್ಟಿಗೆ ಅದು ನಿಜವಾದ ಪೆಟ್ಟು. ಆದರೆ ಚಿಪ್ ಯಾರದ್ದೇ ಇರಲಿ, ಫೋನು 5ಜಿ ಮಾನದಂಡದಲ್ಲಿ ಮಾತಾಡಿದರೆ ಪೇಟೆಂಟ್ ರಾಯಲ್ಟಿ ಕಟ್ಟಲೇಬೇಕು. ಎರಡು ವರ್ಷದ ವಿಸ್ತರಣೆ ಸೇರಿ ಆ್ಯಪಲ್‌ನ 2019ರ ಲೈಸೆನ್ಸ್ 2027ರ ಮಾರ್ಚ್‌ವರೆಗಿದೆ. ಅಲ್ಲಿಂದಾಚೆಗೆ ಚಿಪ್‌ಗೆ ಕ್ವಾಲ್ಕಾಮ್ ಮೇಲೆ ಅವಲಂಬಿಸದ ಆ್ಯಪಲ್ ಜೊತೆ ದರದ ಚೌಕಾಸಿ ನಡೆಯಬೇಕು.