ಕಜಾರರ ಕಾಲದ ಇರಾನಿನಲ್ಲಿ ವರದಕ್ಷಿಣೆಯನ್ನು ಯಾರು ಯಾರಿಗೆ ಕೊಡುತ್ತಿದ್ದರು?

ಪ್ರಶ್ನೆ: ಕಜಾರ್ ರಾಜವಂಶ ಆಳುತ್ತಿದ್ದ 19ನೆಯ ಶತಮಾನದ ಪರ್ಷಿಯಾದಲ್ಲಿ (ಇಂದಿನ ಇರಾನ್) ಗಂಡೇ ಹೆಣ್ಣಿಗೆ ಹಣ ಕೊಡುತ್ತಿದ್ದನೆಂದು ಒಂದು ಕಡೆ, ಹೆಣ್ಣಿನ ಮನೆಯವರೇ ಸಾಮಾನು ಹೊರಿಸಿ ಕಳಿಸುತ್ತಿದ್ದರೆಂದು ಇನ್ನೊಂದು ಕಡೆ ಓದಿದ್ದೇನೆ. ಯಾವುದು ನಿಜ? ಆಸ್ತಿಯಲ್ಲಿ ಹೆಣ್ಣಿಗೆ ಪಾಲಿತ್ತೇ?

ಉತ್ತರ: ಎರಡೂ ನಿಜ. ಮೂರು ಬಗೆಯ ಕೊಡುಕೊಳ್ಳುವಿಕೆಗಳಿಗೆ ನಾವು ‘ವರದಕ್ಷಿಣೆ’ ಎಂಬ ಒಂದೇ ಹೆಸರಿಡುವುದರಿಂದ ಈ ಗೊಂದಲ ಹುಟ್ಟುತ್ತದೆ. ಮೊದಲನೆಯದು ಮಹರ್, ವರನು ವಧುವಿಗೇ ಕೊಡಲು ಒಪ್ಪುವ ಮೊತ್ತ. ಎರಡನೆಯದು ಶೀರ್‌ಬಹಾ, ಅಂದರೆ ‘ಹಾಲಿನ ಬೆಲೆ’. ಮಗಳನ್ನು ಹಾಲೂಡಿಸಿ ಬೆಳೆಸಿದ್ದಕ್ಕೆಂದು ವರನ ಕಡೆಯವರು ಅವಳ ತಂದೆತಾಯಿಗೆ ಕೊಡುತ್ತಿದ್ದ ಹಣ. ಮೂರನೆಯದು ವಧು ತವರಿನಿಂದ ತರುವ ಜಹಾಜ್. ನಮ್ಮ ಉರ್ದು ಮಾತಿನವರ ‘ಜಹೇಜ್’ ಇದೇ ಪದ.

ಜಹಾಜ್ ಊರಿಗೆಲ್ಲ ಕಾಣುವಂತೆ ಹೋಗುತ್ತಿತ್ತು. ತಾಮ್ರದ ಪಾತ್ರೆ, ಚಹಾಕ್ಕೆ ನೀರು ಕಾಯಿಸುವ ಸಮೋವರ್, ಜಮಖಾನೆ, ಹಾಸಿಗೆ ಹೊದಿಕೆಗಳನ್ನು ದೊಡ್ಡ ಮರದ ಹರಿವಾಣಗಳಲ್ಲಿ ಜೋಡಿಸಿ, ಆಳುಗಳು ತಲೆಯ ಮೇಲೆ ಹೊತ್ತು ವರನ ಮನೆಗೆ ಸಾಗಿಸುತ್ತಿದ್ದರು. ಅನುಕೂಲಸ್ಥರ ಮನೆಗಳಲ್ಲಿ ಇದಕ್ಕೆ ‘ಸಿಯಾಹೆ’ ಎಂಬ ಪಟ್ಟಿ ಬರೆಸಿ, ಸಾಕ್ಷಿಗಳ ಮೊಹರು ಹಾಕಿಸಿ ಇಟ್ಟುಕೊಳ್ಳುತ್ತಿದ್ದರು. ಆ ಸಾಮಾನು ಗಂಡನ ಮನೆಯಲ್ಲಿದ್ದರೂ ಹೆಂಡತಿಯದೇ. ತಲಾಖ್ ಆದಾಗಲೋ ಗಂಡ ತೀರಿಕೊಂಡಾಗಲೋ ಯಾವ ಹಂಡೆ ಯಾರದೆಂಬ ಜಗಳ ಬಾರದಿರಲೆಂದೇ ಆ ಪಟ್ಟಿ.

ಮಹರನ್ನು ಮದುವೆಯ ಕರಾರುಪತ್ರದಲ್ಲಿ ಬರೆಯುತ್ತಿದ್ದರು. ಅಂಚಿಗೆ ಹೊನ್ನಿನ ಹೂಬಳ್ಳಿ ಬರೆಸಿದ ಇಂಥ ಕರಾರುಗಳು ಇಂದಿಗೂ ಸಾಕಷ್ಟು ಉಳಿದಿವೆ. ಕುರಾನಿನ ಒಂದು ಪ್ರತಿ, ಕನ್ನಡಿ, ಜೋಡಿ ದೀಪಸ್ತಂಭ, ಇಷ್ಟು ತೂಮಾನ್ (ಅಲ್ಲಿನ ಹಣ) ನಗದು, ಉಳ್ಳವರಾದರೆ ಮನೆಯಲ್ಲೋ ಹಳ್ಳಿಯಲ್ಲೋ ಇಷ್ಟು ದಾಂಗ್ ಎಂದು ಅದರಲ್ಲಿ ಬರೆದಿರುತ್ತದೆ. ಯಾವುದೇ ಸ್ಥಿರಾಸ್ತಿಯನ್ನು ಆರು ದಾಂಗ್ ಎಂದು ಲೆಕ್ಕ ಹಾಕುವುದು ಅಲ್ಲಿನ ವಾಡಿಕೆ. ಎರಡು ದಾಂಗ್ ಎಂದರೆ ಮೂರರಲ್ಲೊಂದು ಪಾಲು. ಬರೆದದ್ದೆಲ್ಲ ಕೈಗೆ ಬರುತ್ತಿತ್ತೆಂದಲ್ಲ. ‘ಮಹರನ್ನು ಕೊಟ್ಟವರಾರು, ಪಡೆದವರಾರು’ ಎಂಬ ಮಾತು ಪಾರಸಿಯಲ್ಲಿ ಗಾದೆಯಾಗಿದೆ. ಗಂಡನಿಂದ ಬಿಡುಗಡೆ ಬಯಸಿದ ಹೆಂಗಸು ಮಹರನ್ನು ಬಿಟ್ಟುಕೊಟ್ಟು ಹೊರಬರುವುದೂ ಇತ್ತು. ‘ಮಹರ್ ನಿನಗಿರಲಿ, ಜೀವ ನನಗಿರಲಿ’ ಎಂಬರ್ಥದ ಗಾದೆ ಹುಟ್ಟಿದ್ದು ಆ ಸಂಕಟದಲ್ಲಿ.

ಆದರೂ ಮಹರ್ ಬರಿಯ ಕಾಗದದ ಮಾತಾಗಿರಲಿಲ್ಲ ಎನ್ನುವುದಕ್ಕೆ ಆಸ್ತಿ ಹಂಚಿಕೆಯ ಕಡೆಗೇ ನೋಡಬೇಕು. ಇರಾನಿನ ಬಹುಜನರು ಅನುಸರಿಸುತ್ತಿದ್ದ ಶಿಯಾ ಕಾನೂನಿನಂತೆ ಮಗಳಿಗೆ ಮಗನ ಅರ್ಧ ಪಾಲು. ವಿಧವೆಗೆ ಮಕ್ಕಳಿದ್ದರೆ ಎಂಟರಲ್ಲೊಂದು, ಇಲ್ಲದಿದ್ದರೆ ನಾಲ್ಕರಲ್ಲೊಂದು. ಹೆಂಡತಿಯರು ಹಲವರಿದ್ದರೆ ಅಷ್ಟನ್ನೇ ಹಂಚಿಕೊಳ್ಳಬೇಕು. ಅವಧಿ ಗೊತ್ತುಮಾಡಿಕೊಂಡು ಆಗುವ ‘ಸೀಘೆ’ ಮದುವೆಯ ಹೆಂಡತಿಗೆ ಸಾಮಾನ್ಯವಾಗಿ ಪಾಲಿಲ್ಲ, ಅವಳ ಮಕ್ಕಳಿಗೆ ಪೂರ್ಣ ಪಾಲು. ಎಲ್ಲಕ್ಕಿಂತ ಬಿಗಿಯಾದದ್ದು ಜಮೀನಿನ ನಿಯಮ: ಹೆಚ್ಚಿನ ಶಿಯಾ ಪಂಡಿತರ ಪ್ರಕಾರ ವಿಧವೆಗೆ ಗಂಡನ ಭೂಮಿಯಲ್ಲಿ ಏನೂ ಇಲ್ಲ, ಅದರ ಮೇಲಿನ ಕಟ್ಟಡ, ಮರಗಳ ಬೆಲೆಯಲ್ಲಷ್ಟೇ ಪಾಲು.

ಒಂದು ಕಾಲ್ಪನಿಕ ಲೆಕ್ಕ ನೋಡೋಣ. ವ್ಯಾಪಾರಿಯೊಬ್ಬ ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳನ್ನು ಬಿಟ್ಟು ತೀರಿಕೊಂಡಿದ್ದಾನೆ. ತಂದೆತಾಯಿ ಮೊದಲೇ ಇಲ್ಲ. ಚರಾಸ್ತಿ 1000 ತೂಮಾನ್, ಕೊಡದೆ ಉಳಿದ ಮಹರ್ 200. ಮಹರ್ ಸಾಲವಾದ್ದರಿಂದ ಹಂಚಿಕೆಗೆ ಮೊದಲೇ ಆ 200 ಹೆಂಡತಿಗೆ ಸಲ್ಲುತ್ತದೆ. ಉಳಿದ 800ರಲ್ಲಿ ಅವಳ ಪಾಲು 100. ಗಂಡುಮಕ್ಕಳಿಗೆ ತಲಾ 280, ಮಗಳಿಗೆ 140. ವಾರಸುದಾರಳಾಗಿ ಬಂದದ್ದಕ್ಕಿಂತ ಗಂಡ ತೀರಿಸಬೇಕಿದ್ದ ಸಾಲವಾಗಿ ಅವಳಿಗೆ ಬಂದದ್ದೇ ಹೆಚ್ಚು. ತವರಿನವರು ಮದುವೆಯ ಮಾತುಕತೆಯಲ್ಲಿ ಮಹರಿಗಾಗಿ ಅಷ್ಟು ಹಗ್ಗಜಗ್ಗಾಡುತ್ತಿದ್ದದ್ದನ್ನು ದುರಾಸೆಯೆಂದು ತಳ್ಳಿಹಾಕಲು ನನಗೆ ಮನಸ್ಸು ಬಾರದು.

ಮಗಳ ವಿಷಯದಲ್ಲಿ ಶಿಯಾ ಕಾನೂನು ಸುನ್ನಿ ಕಾನೂನಿಗಿಂತ ಉದಾರವಾಗಿತ್ತು: ಒಬ್ಬಳೇ ಮಗಳಿದ್ದು ಬೇರೆ ಹತ್ತಿರದ ವಾರಸುದಾರರಿಲ್ಲದಿದ್ದರೆ ಆಸ್ತಿಯೆಲ್ಲ ಅವಳದೇ, ಚಿಕ್ಕಪ್ಪ ದೊಡ್ಡಪ್ಪಂದಿರಿಗೆ ಏನೂ ಇಲ್ಲ. ಹೀಗೆ ಹೆಣ್ಣಿನೊಂದಿಗೆ ಹೊರಗೆ ಹೋಗಬಹುದಾದ ಆಸ್ತಿಯನ್ನು ಮನೆತನದಲ್ಲೇ ಉಳಿಸಲು ಇದ್ದ ಒಂದು ದಾರಿ ಚಿಕ್ಕಪ್ಪ ದೊಡ್ಡಪ್ಪನ ಮಗನಿಗೇ ಅವಳನ್ನು ಕೊಡುವುದು. ಸೋದರಮಾವನ ಮಗಳನ್ನು ತರುವ ನಮಗೆ ಇದು ಅಣ್ಣತಂಗಿಯರ ಮದುವೆಯಂತೆ ಕಂಡೀತು. ಅಲ್ಲಿಯವರು ಆ ಗಂಟನ್ನು ಸ್ವರ್ಗದಲ್ಲೇ ಹಾಕಿದೆ ಎನ್ನುತ್ತಾರೆ. ಬದುಕಿರುವಾಗಲೇ ಒಪ್ಪಂದಪತ್ರದ ಮೂಲಕ ಆಸ್ತಿಯನ್ನು ಬೇಕಾದವರ ಹೆಸರಿಗೆ ಮಾಡುವುದು, ವಕ್ಫ್ ಬಿಡುವುದು ಬೇರೆ ದಾರಿಗಳು. ಇವುಗಳಿಂದ ಹೆಣ್ಣುಮಕ್ಕಳು ಪಾಲು ಕಳೆದುಕೊಂಡದ್ದೂ ಉಂಟು, ಕಾನೂನು ಕೊಡದಿದ್ದ ಮನೆಯನ್ನು ಹೆಂಡತಿ ಪಡೆದದ್ದೂ ಉಂಟು.

ವಿಧವೆಗೆ ಭೂಮಿಯಿಲ್ಲವೆಂಬ ನಿಯಮ ಕಜಾರರೊಂದಿಗೆ ಮುಗಿಯಲಿಲ್ಲ. 1928ರ ಇರಾನಿನ ನಾಗರಿಕ ಸಂಹಿತೆಯಲ್ಲೂ ಅದು ಉಳಿಯಿತು. ಜಮೀನಿನ ಬೆಲೆಯಲ್ಲಿ ಅವಳಿಗೆ ಪಾಲು ಸಿಕ್ಕಿದ್ದು 2009ರ ತಿದ್ದುಪಡಿಯಿಂದ.