ಟ್ರಾಮ್ ಹೋಯಿತು, ಕರೆಂಟ್ ಬಿಲ್ಲು ಉಳಿಯಿತು

ಊರಿನಿಂದ ಮುಂಬಯಿಯ ಮಾಟುಂಗಾಕ್ಕೆ ಬರುವ ನೆಂಟರಿಗೆ ಒಂದು ಸಂಗತಿ ಅಚ್ಚರಿ ತರುತ್ತದೆ. ನಮ್ಮನ್ನು ಫೋರ್ಟ್ ಬಡಾವಣೆಗೆ ಕರೆದೊಯ್ಯುವ ಬಸ್ಸೂ ನಗರದ ಸಾರಿಗೆ ಸಂಸ್ಥೆಯಾದ ಬೆಸ್ಟ್‌ನದು, ಮನೆಗೆ ಬರುವ ಕರೆಂಟ್ ಬಿಲ್ಲೂ ಬೆಸ್ಟ್‌ನದು. ಬಸ್ಸಿನವರಿಗೆ ದೀಪದ ಉಸಾಬರಿ ಹೇಗೆ ಅಂಟಿತು? ಅಂಟಿಸಿದ್ದು ಬೀದಿಯ ಹಳಿಗಳ ಮೇಲೆ ಓಡುತ್ತಿದ್ದ ಟ್ರಾಮ್.

ಮುಂಬಯಿಗೆ ಟ್ರಾಮ್ ತರುವ ಮಾತು 1865ರಲ್ಲೇ ಎದ್ದಿತ್ತು. ಅಮೆರಿಕದ ಕಂಪನಿಯೊಂದಕ್ಕೆ ಪರವಾನಗಿಯೂ ಸಿಕ್ಕಿತ್ತು. ಅಷ್ಟರಲ್ಲಿ ಅಮೆರಿಕದ ಅಂತರ್ಯುದ್ಧ ಮುಗಿದು, ಆ ಯುದ್ಧಕಾಲದ ಹತ್ತಿ ವ್ಯಾಪಾರದಿಂದ ಉಬ್ಬಿದ್ದ ನಗರದ ಸಂಪತ್ತು ಇಳಿದುಹೋಗಿ, ಯೋಜನೆ ಮೂಲೆಗೆ ಬಿತ್ತು. ಕೊನೆಗೆ 1874ರ ಮೇ 9ರಂದು ಕುದುರೆ ಟ್ರಾಮ್ ಹಳಿಗಿಳಿಯಿತು. ಕೊಲಾಬಾದಿಂದ ಕ್ರಾಫರ್ಡ್ ಮಾರ್ಕೆಟ್ ಮೇಲೆ ಪಾಯಧುನಿಗೆ ಒಂದು ದಾರಿ, ಬೋರಿಬಂದರದಿಂದ ಕಾಲಬಾದೇವಿ ಮೂಲಕ ಪಾಯಧುನಿಗೆ ಇನ್ನೊಂದು. ಮೊದಲು ದರ ಮೂರು ಆಣೆ, ಟಿಕೆಟ್ಟೇ ಇರಲಿಲ್ಲ. ಲಾಯದಲ್ಲಿ ನೂರಾರು ಕುದುರೆಗಳು. ಓಡಿದರೂ ನಿಂತರೂ ಅವುಗಳಿಗೆ ದಿನವೂ ಮೇವು ಹಾಕಲೇಬೇಕು.

ಇತ್ತ ವಿದ್ಯುತ್ ದೀಪದ ಕಥೆ ಬೇರೆಯಾಗಿಯೇ ಸಾಗಿತ್ತು, ಅದೂ ಎಡವುತ್ತಾ. 1882ರಲ್ಲಿ ಈಸ್ಟರ್ನ್ ಎಲೆಕ್ಟ್ರಿಕ್ ಲೈಟ್ ಅಂಡ್ ಪವರ್ ಕಂಪನಿ ಕ್ರಾಫರ್ಡ್ ಮಾರ್ಕೆಟ್‌ಗೂ ಕೆಲವು ರಸ್ತೆಗಳಿಗೂ ವಿದ್ಯುತ್ ದೀಪ ಹಾಕುವ ಗುತ್ತಿಗೆ ಹಿಡಿಯಿತು. ಮರುವರ್ಷವೇ ಕಂಪನಿ ಮುಚ್ಚಿತು, ಮಾರ್ಕೆಟ್ ಮತ್ತೆ ಗ್ಯಾಸ್ ದೀಪಕ್ಕೆ ಮರಳಿತು. ನನ್ನ ಮಟ್ಟಿಗೆ ಇಡೀ ಇತಿಹಾಸದ ಕೀಲಿ ಇಲ್ಲಿದೆ. ದೀಪ ಬೇಕಾಗುವುದು ಕತ್ತಲಾದ ಮೇಲೆ ಕೆಲವೇ ಗಂಟೆ. ಅಷ್ಟಕ್ಕಾಗಿ ಉಗಿಯಂತ್ರ, ಡೈನಮೊ, ತಂತಿ ಎಲ್ಲಕ್ಕೂ ಹಣ ಸುರಿದು ಹಗಲೆಲ್ಲ ಸುಮ್ಮನೆ ಇಟ್ಟುಕೊಂಡರೆ ಯಾವ ಕಂಪನಿ ಬದುಕೀತು? ಹಗಲಿಡೀ ವಿದ್ಯುತ್ ಕುಡಿಯುವ ಗಿರಾಕಿಯೊಂದು ಬೇಕು. ನಗರದಲ್ಲಿ ಆ ಗಿರಾಕಿ ಟ್ರಾಮೇ ಆಗಬಹುದಿತ್ತು.

ಆಗಿದ್ದೂ ಹಾಗೆಯೇ. 1905ರಲ್ಲಿ ಮಹಾನಗರಪಾಲಿಕೆ, ಹಳೆಯ ಟ್ರಾಮ್ ಕಂಪನಿ ಮತ್ತು ಇಂಗ್ಲೆಂಡಿನ ಬ್ರಿಟಿಷ್ ಎಲೆಕ್ಟ್ರಿಕ್ ಟ್ರ್ಯಾಕ್ಷನ್ ಕಂಪನಿಯ ನಡುವೆ ಒಪ್ಪಂದವಾಯಿತು. ದೀಪವೂ ಟ್ರಾಮೂ ಒಂದೇ ಕೈಗೆ ಬಂದವು. ಕಂಪನಿಯ ಹೆಸರೇ ಬಾಂಬೆ ಎಲೆಕ್ಟ್ರಿಕ್ ಸಪ್ಲೈ ಅಂಡ್ ಟ್ರಾಮ್‌ವೇಸ್, ಚಿಕ್ಕದಾಗಿ ಬೆಸ್ಟ್. ಅದೇ ವರ್ಷ ವಾಡಿಬಂದರಿನಲ್ಲಿ ವಿದ್ಯುತ್ ಉತ್ಪಾದನಾ ಕೇಂದ್ರ ತಲೆ ಎತ್ತಿತು. 1907ರ ಮೇ 7ರ ಸಂಜೆ ಪಾಲಿಕೆಯ ಕಚೇರಿಯಿಂದ ಕ್ರಾಫರ್ಡ್ ಮಾರ್ಕೆಟ್‌ಗೆ ಮೊದಲ ವಿದ್ಯುತ್ ಟ್ರಾಮ್ ಓಡಿತು. ಕಾಲು ಶತಮಾನದ ಹಿಂದೆ ವಿದ್ಯುತ್ ದೀಪ ಸೋತು ಹೋದ ಅದೇ ಮಾರ್ಕೆಟ್‌ಗೆ!

ಕುದುರೆಗಳು ಮರೆಯಾದವು, ಜನ ಹೆಚ್ಚಿದರು. 1920ರಲ್ಲಿ ಎರಡು ಅಂತಸ್ತಿನ ಟ್ರಾಮ್‌ಗಳು ಬಂದವು. ಹಗಲು ಕ್ಯಾಂಟೀನುಗಳಲ್ಲಿ ದುಡಿದು, ರಾತ್ರಿ ಫೋರ್ಟಿನ ಕನ್ನಡ ರಾತ್ರಿಶಾಲೆಗಳಲ್ಲಿ ಓದಿದ ದಕ್ಷಿಣ ಕನ್ನಡದ ಹುಡುಗರನ್ನು ನಾನು ಇಲ್ಲಿ ನೆನೆಯದೆ ಮುಂದೆ ಹೋಗಲಾರೆ. ಬೀದಿಯ ಟ್ರಾಮ್‌ಗೂ ಅವರ ಪುಸ್ತಕದ ಮೇಲೆ ಬಿದ್ದ ಬೆಳಕಿಗೂ ಮೂಲ ಒಂದೇ ಆಗಿತ್ತು.

ಆದರೆ 1926ರ ಜುಲೈ 15ರಂದು ಅಫ್ಘಾನ್ ಚರ್ಚಿನಿಂದ ಕ್ರಾಫರ್ಡ್ ಮಾರ್ಕೆಟ್‌ಗೆ ಇದೇ ಕಂಪನಿ ಮೋಟಾರು ಬಸ್ ಬಿಟ್ಟಾಗಲೇ ಟ್ರಾಮಿಗೆ ಮನೆಯೊಳಗೇ ಪೈಪೋಟಿ ಹುಟ್ಟಿತು. ಬಸ್ಸಿಗೆ ಹಳಿ ಬೇಡ, ಮೇಲೆ ತಂತಿ ಬೇಡ. ಅಡ್ಡ ಬಂದದ್ದನ್ನು ಸುತ್ತಿಕೊಂಡು ಹೋಗಬಲ್ಲದು. 1947ರ ಆಗಸ್ಟ್ 7ರಂದು ಪಾಲಿಕೆ ಕಂಪನಿಯನ್ನು ವಶಕ್ಕೆ ತೆಗೆದುಕೊಂಡಿತು. ಹೆಸರಿನ ಕೊನೆಯ ‘ಟಿ’ ಟ್ರಾಮ್‌ವೇಸ್ ಹೋಗಿ ಟ್ರಾನ್ಸ್‌ಪೋರ್ಟ್ ಆಯಿತು. ಅಕ್ಷರ ಉಳಿದು ಅರ್ಥ ಬದಲಾದ ಆ ಗಳಿಗೆ ನನಗೆ ಇಂದಿಗೂ ನೋವಿನದು. ಮುಂದೆ ಒಂದೊಂದಾಗಿ ಟ್ರಾಮ್ ಮಾರ್ಗಗಳನ್ನು ಮುಚ್ಚುತ್ತಾ ಬಂದರು.

1964ರ ಮಾರ್ಚ್ 31ರ ರಾತ್ರಿ ಕೊನೆಯ ಟ್ರಾಮ್ ಬೋರಿಬಂದರದಿಂದ ಹೊರಟಿತು, ಕಾಲಿಡಲು ಜಾಗವಿಲ್ಲದಷ್ಟು ಜನರನ್ನು ತುಂಬಿಕೊಂಡು. ಅದು ಹೋಗಿ ನಿಂತದ್ದು ದಾದರ್ ಟ್ರಾಮ್ ಟರ್ಮಿನಸ್‌ನಲ್ಲಿ. ನಾವು ಇವತ್ತಿಗೂ ದಾದರ್ ಟಿ.ಟಿ. ಎನ್ನುತ್ತೇವೆ.