ಪ್ರೂಫ್: ನಾಣ್ಯ ಟಂಕಿಸುವ ಬಗೆಗೆ ಇರುವ ಹೆಸರು

‘ಸ್ಮಾರಕ ನಾಣ್ಯ, ಪ್ರೂಫ್ ಕಂಡಿಷನ್, ಒಂದೆರಡು ಗೀರುಗಳಿವೆ’ ಎಂಬ ಧಾಟಿಯ ಮಾರಾಟದ ವಿವರಣೆಗಳು ಎಷ್ಟು ಹೆಚ್ಚಿವೆಯೆಂದರೆ, ಫಳಫಳ ಹೊಳೆಯುವುದೆಲ್ಲ ಪ್ರೂಫ್ ಎಂದು ಹೊಸ ಸಂಗ್ರಾಹಕರು ನಂಬಿಬಿಟ್ಟಿದ್ದಾರೆ. ಈ ಪದ ತಿಳಿಸುವುದು ನಾಣ್ಯವನ್ನು ಟಂಕಿಸಿದ ಬಗೆಯನ್ನು. ನಾಣ್ಯ ಈಗ ಯಾವ ಸ್ಥಿತಿಯಲ್ಲಿದೆ ಎಂಬುದು ಬೇರೆಯೇ ಪ್ರಶ್ನೆ.

ಇದನ್ನು ‘ಪುರಾವೆ ನಾಣ್ಯ’ ಎಂದು ಕನ್ನಡಿಸುವವರೂ, ಜೊತೆಗೆ ಬರುವ ಪ್ರಮಾಣಪತ್ರವೇ ಪ್ರೂಫ್ ಎಂದು ತಿಳಿದವರೂ ಇದ್ದಾರೆ. ಅಡ್ರೆಸ್ ಪ್ರೂಫ್, ಐಡಿ ಪ್ರೂಫ್‌ಗಳ ಸಹವಾಸದಿಂದ ಹುಟ್ಟಿದ ತಪ್ಪು ಇದು. ಪದದ ಮೂಲ ಲ್ಯಾಟಿನ್ನಿನ ‘ಪ್ರೊಬಾರೆ’, ಅಂದರೆ ಪರೀಕ್ಷಿಸು. ಪುಸ್ತಕ ಅಚ್ಚಾಗುವ ಮೊದಲು ತಿದ್ದುವುದಕ್ಕೆಂದು ತೆಗೆಯುವ ಕರಡಚ್ಚನ್ನು ನಾವು ಇಂದಿಗೂ ಪ್ರೂಫ್ ಎನ್ನುತ್ತೇವಲ್ಲ, ನಾಣ್ಯದ ಪ್ರೂಫ್ ಅದರ ಒಡಹುಟ್ಟು: ಹೊಸ ಅಚ್ಚಿನಲ್ಲಿ ಕೆತ್ತನೆ ಸರಿಯಾಗಿ ಮೂಡುತ್ತದೆಯೇ ಎಂದು ನೋಡಲು ಟಂಕಸಾಲೆಯವರು ಜಾಗ್ರತೆಯಿಂದ ಹೊಡೆದು ತೆಗೆಯುತ್ತಿದ್ದ ಮಾದರಿ. ಆ ಮಾದರಿಗಳ ಅಂದಕ್ಕೆ ಮನಸೋತವರು ತಮಗೂ ಬೇಕೆಂದು ಕೇಳತೊಡಗಿದ ಮೇಲೆ ಪರೀಕ್ಷೆ ಹಿಂದೆ ಸರಿದು ಅಂದವೇ ಮುಂದೆ ಬಂತು. 1839ರ ಇಸವಿ ಹೊತ್ತ, ವಿಲಿಯಂ ವಯಾನ್ ಕೆತ್ತಿದ, ರಾಣಿ ವಿಕ್ಟೋರಿಯಾ ಸಿಂಹವನ್ನು ಮುನ್ನಡೆಸುವ ಚಿತ್ರದ ಐದು ಪೌಂಡಿನ ಚಿನ್ನದ ನಾಣ್ಯ ಪ್ರೂಫ್ ಆಗಿಯೇ ಹೊರಬಂದಿತು. ಚಲಾವಣೆಗೆಂದು ಅದನ್ನು ಟಂಕಿಸಲೇ ಇಲ್ಲ.

ಇಂದು ಅಚ್ಚಿಗೂ ಇನ್ನೂ ಚಿತ್ರ ಮೂಡದ ಲೋಹದ ಬಿಲ್ಲೆಗೂ ಮೆರುಗು ಕೊಟ್ಟು, ಸಾಮಾನ್ಯವಾಗಿ ಒಂದೊಂದನ್ನೂ ಎರಡು ಅಥವಾ ಹೆಚ್ಚು ಬಾರಿ ಒತ್ತುತ್ತಾರೆ. ಅಂಥ ನಾಣ್ಯವನ್ನು ದೀಪದ ಕೆಳಗೆ ಅಂಚಿನಲ್ಲಿ ಹಿಡಿದು ನಿಧಾನವಾಗಿ ಓರೆಮಾಡಿದರೆ, ಹಿನ್ನೆಲೆ ಕನ್ನಡಿಯಂತೆ ಮಿಂಚಿ ಮರುಕ್ಷಣ ಕಪ್ಪಾಗುತ್ತದೆ, ಉಬ್ಬುಚಿತ್ರ ಮಾತ್ರ ಇಬ್ಬನಿ ಕೂತಂತೆ ಬೆಳ್ಳಗೆ ನಿಲ್ಲುತ್ತದೆ. ಇದೂ ಕಟ್ಟುನಿಟ್ಟಿನ ಲಕ್ಷಣವೇನಲ್ಲ: ರಿವರ್ಸ್ ಪ್ರೂಫ್‌ನಲ್ಲಿ ಚಿತ್ರ ಮಿಂಚುತ್ತದೆ, ಹಿನ್ನೆಲೆ ಮಂಜಾಗಿರುತ್ತದೆ, ಮ್ಯಾಟ್ ಪ್ರೂಫ್‌ನಲ್ಲಿ ಕನ್ನಡಿಯ ಹೊಳಪೇ ಇರುವುದಿಲ್ಲ.

ಮಾರುವವರು ಹುಡುಕುತ್ತಿರುವ ಪದ ಬಹುಶಃ ‘ಅನ್‌ಸರ್ಕ್ಯುಲೇಟೆಡ್’, ಅಂದರೆ ಕೈ ಬದಲಾಗಿ ಸವೆಯದ್ದು. ಪ್ರೂಫ್ ನಾಣ್ಯವೊಂದನ್ನು ಯಾರೋ ತಿಳಿಯದೆ ಖರ್ಚು ಮಾಡಿ, ಅದು ಹತ್ತಾರು ಜೇಬುಗಳಲ್ಲಿ ಉರುಳಿ ಮಾಸಿದರೂ ಪ್ರೂಫ್ ಆಗಿಯೇ ಉಳಿಯುತ್ತದೆ. ನಾಣ್ಯದ ಸ್ಥಿತಿಯನ್ನು ಅಳೆಯುವ 70 ಅಂಕದ ಶೆಲ್ಡನ್ ಮಾಪಕದಲ್ಲಿ ಅದಕ್ಕೆ ‘ಪಿಎಫ್ 45’ ಎಂದು ಗ್ರೇಡ್ ಕೊಡಬಹುದು: ಪಿಎಫ್ ತಯಾರಿಯನ್ನು ಹೇಳುತ್ತದೆ, 45 ಸವೆತವನ್ನು. ಚಲಾವಣೆಯ ನಾಣ್ಯಕ್ಕೆ ಪಾಲಿಶ್ ಹಾಕಿ ಎಷ್ಟು ತಿಕ್ಕಿದರೂ ಅದು ಪ್ರೂಫ್ ಆಗದು. ತಿಕ್ಕಿ ಹಾಳು ಮಾಡಿದ ನಾಣ್ಯವೆಂದು ಸಂಗ್ರಾಹಕರು ಅದನ್ನು ಪಕ್ಕಕ್ಕಿಡುತ್ತಾರೆ.